ಹಿರೇ ಡಬ್ಬಿ

ಹುಬ್ಬಳ್ಳಿಯಲ್ಲಿ ಹುಟ್ಟಿದವರ ಕಿವಿಗೆ ‘ನೀರು ಬಂತು’ ಎಂಬ ಎರಡು ಶಬ್ದ ಬಿದ್ದರೆ ಸಾಕು, ಕೈಯಲ್ಲಿದ್ದ ತುತ್ತನ್ನು ಗಂಗಾಳದಲ್ಲೇ ಬಿಟ್ಟು ಏಳುತ್ತಾರೆ. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಬರುವ ಬೀಗರಿಗೆ ಅಷ್ಟಾದರೂ ಮರ್ಯಾದೆ ಬೇಡವೇ? ಬಂದಾಗ ಮನೆಯಲ್ಲಿ ಇಲ್ಲದವರ ಪಾಡು ಮುಂದಿನ ಸಲದವರೆಗೆ ದೇವರಿಗೇ ಪ್ರೀತಿ. ಅದಕ್ಕೇ ಹಳೇ ಹುಬ್ಬಳ್ಳಿಯ ಸಿತಾರಾ, ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುವಾಕೆ, ಒಂದು ದೊಡ್ಡ ಜಾಲತಾಣದಲ್ಲಿ ಗುಂಪು ಕಟ್ಟಿದ್ದಳು. ಯಾರ ಓಣಿಯ ನಳ ಮೊದಲು ಗೊರಗೊರ ಎಂದಿತೋ ಅವರು ‘ನೀರು ಬಂತು’ ಎಂದು ಬರೆಯಬೇಕು. ಮುಂದಿನ ಓಣಿಯವರು ಅಂಗಡಿಯಿಂದಲೋ ಆಫೀಸಿನಿಂದಲೋ ಮನೆಗೆ ಓಡಬೇಕು. ಅಷ್ಟೇ ಕರಾರು.

ಕೆಲವು ವರ್ಷ ಛಲೋ ನಡೆಯಿತು. ಆಮೇಲೆ ಆ ಜಾಲತಾಣಕ್ಕೆ ಬುದ್ಧಿ ಹೆಚ್ಚಾಯಿತು. ಯಾರಿಗೆ ಯಾವುದು ಇಷ್ಟ ಎಂದು ತಾನೇ ಊಹೆ ಮಾಡಿ ಸುದ್ದಿಯನ್ನು ಹಿಂದೆ ಮುಂದೆ ಮಾಡತೊಡಗಿತು. ಸೋಮವಾರ ಬಂದ ನೀರು ಬುಧವಾರ ಮೊಬೈಲಿನಲ್ಲಿ ಹರಿಯಿತು. ಕೊಡ ಹಿಡಿದು ಓಡಿದವರು ಒಣ ನಳದ ಮುಂದೆ ನಿಂತು ಬಾಯಿಗೆ ಬಂದದ್ದು ಬೈದು ಬಂದರು. ಕಡೆಗೊಂದು ದಿನ, ಸಾವಿರಾರು ಜನ ಅದೇ ಎರಡು ಶಬ್ದವನ್ನು ಮತ್ತೆ ಮತ್ತೆ ಬರೆಯುವುದು ಕಿಡಿಗೇಡಿಗಳ ಕೆಲಸವೇ ಇರಬೇಕೆಂದು ಅಲ್ಲಿನ ಯಂತ್ರ ತೀರ್ಮಾನಿಸಿ ಗುಂಪನ್ನೇ ಅಳಿಸಿಹಾಕಿತು. ಸಿತಾರಾ ಮನವಿಯ ಮೇಲೆ ಮನವಿ ಬರೆದಳು. ಪ್ರತಿ ಸಲವೂ ಯಂತ್ರವೇ ನಯವಾಗಿ ಇಲ್ಲವೆಂದಿತು.

“ನಮ್ಮ ಓಣಿ ನೀರಿನ ಸುದ್ದಿ ಹೇಳಾಕ ಸಮುದ್ರದಾಚೆ ಇರೋ ಯಾವನ್ದೋ ಕಾಲ ಹಿಡೀಬೇಕೇನು?” ಎಂದು ಗಂಡ ಇಸ್ತಿಯಾಕನ ಮುಂದೆ ಕೂಗಾಡಿದಳು. ಬ್ಯಾಟರಿ ಅಂಗಡಿಯ ಇಸ್ತಿಯಾಕ ತಾನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಕೂತ.

ಡಬ್ಬಿಗಳು ಹುಟ್ಟಿದ್ದು ಹೀಗೆ. ಅಂಗೈಯಗಲದ ಕಂಪ್ಯೂಟರ್ ಹಲಗೆಯೊಂದು, ಅದಕ್ಕೆ ಗಾಳಿಯಾಡಲು ತೂತು ಕೊರೆದ ಸ್ಟೀಲಿನ ಡಬ್ಬಿ. ಓಣಿಗೊಂದರಂತೆ ಯಾರದಾದರೂ ಮನೆಯಲ್ಲಿ ಇಟ್ಟರೆ ಓಣಿಯವರು ಮೊಬೈಲಿನಲ್ಲಿ ಬರೆದ ಸುದ್ದಿ ಅದಕ್ಕೆ ಮುಟ್ಟುತ್ತದೆ, ಅದು ಬೇರೆ ಓಣಿಯ ಡಬ್ಬಿಗಳಿಗೆ ದಾಟಿಸುತ್ತದೆ. ಒಂದು ಡಬ್ಬಿ ಇನ್ನೊಂದು ಡಬ್ಬಿಯೊಡನೆ ಮಾತಾಡುವ ನಿಯಮ ಯಾರಪ್ಪನ ಆಸ್ತಿಯೂ ಅಲ್ಲ, ಜಗತ್ತಿಗೆಲ್ಲ ಬಿಚ್ಚಿಟ್ಟದ್ದು. ಇಂಟರ್ನೆಟ್ ಹುಟ್ಟಿದ್ದೇ ಹೀಗೆ, ನಡುವೆ ಯಾರೂ ಕೂರಬಾರದೆಂದು. ಆಮೇಲೆ ಬಂದು ನಡುವೆ ಕೂತವರಿಗೆ ಕುರ್ಚಿ ಕೊಟ್ಟವರು ನಾವೇ. ಇದನ್ನು ಸಿತಾರಾ ವರ್ಷ ವರ್ಷವೂ ಪಾಠದಲ್ಲಿ ಹೇಳುತ್ತಿದ್ದಳು. ಈಗ ಮಾಡಿ ತೋರಿಸುವ ಉಮೇದು ಬಂತು.

ಆ ಉಮೇದಿಗೆ ಕೈ ಜೋಡಿಸಿದವರು ಉಣಕಲ್ಲಿನ ರತ್ನವ್ವ. ಹಿಟ್ಟಿನ ಗಿರಣಿಯ ಯಜಮಾನಿ. ಅವರು ಬಾರದೆ ಉಣಕಲ್ಲಿನಲ್ಲಿ ಕೂಸಿಗೆ ಹೆಸರಿಡುವುದಿಲ್ಲ, ಹೆಣ್ಣು ನೋಡುವುದೂ ಇಲ್ಲ. ಸಿತಾರಾ ಒಮ್ಮೆ ತೋರಿಸಿಕೊಟ್ಟದ್ದೇ ತಡ, ಡಬ್ಬಿಗಳಿಗೆಲ್ಲ ತಾವೇ ಜೋಡಣೆ ಮಾಡಿ, ಅವಳಿ ನಗರದ ಓಣಿ ಓಣಿಗೆ ಹಂಚಿ ಬಂದರು. ಮಳೆಗಾಲ ಕಳೆದು ಬೇಸಿಗೆ ಬರುವ ಹೊತ್ತಿಗೆ ‘ನೀರು ಬಂತು’ ಮತ್ತೆ ಹೊತ್ತಿಗೆ ಸರಿಯಾಗಿ ಬರತೊಡಗಿತ್ತು.

ಬೇಸಿಗೆಯಲ್ಲಿ ಒಂದು ದಿನ ರಸ್ತೆ ಅಗೆಯುವ ಯಂತ್ರ ಸಿತಾರಾಳ ಓಣಿಯ ಇಂಟರ್ನೆಟ್ ಕೇಬಲ್ಲನ್ನು ಕಡಿದುಹಾಕಿತು. ಹುಬ್ಬಳ್ಳಿಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಸಂಜೆ ರತ್ನವ್ವನವರ ಫೋನು ಬಂತು.

“ಏನ್ರಿ ಟೀಚರ್, ನಿಮ್ಮ ಡಬ್ಬಿ ನಿದ್ದಿ ಹೊಡ್ಯಾಕತ್ತೈತೇನು? ನಮ್ಮ ಮ್ಯಾಲಿನ ಓಣ್ಯಾಗ ನೀರು ಬಂದು ಹೋತು. ಕೆಳಗಿನ ಓಣ್ಯಾಗ ಒಬ್ಬರಿಗೂ ಗೊತ್ತಾಗಲಿಲ್ಲ!”

“ನಿಮ್ಮ ಓಣಿಗೂ ನನ್ನ ಡಬ್ಬಿಗೂ ಏನ್ರಿ ಸಂಬಂಧ? ಮ್ಯಾಲಿನ ಡಬ್ಬಿ ಕೆಳಗಿನ ಡಬ್ಬಿಗೆ ಸೀದಾ ಹೇಳ್ತೈತಲ್ಲ?”

“ನಿಮ್ಮನ್ನ ಬಿಟ್ಟು ಹೆಂಗ ಹೇಳೂದ್ರಿ?” ರತ್ನವ್ವನವರಿಗೆ ಆಶ್ಚರ್ಯವೇ ಆಯಿತು. “ಹಿರ್ಯಾರು ಕುಂಡ್ರೂ ಮೊದಲ ನಾವು ಎಲಿಗೆ ಕೈ ಹಾಕಿದಂಗ ಆಗೂದಿಲ್ಲೇನು? ಮೊದಲ ನಿಮ್ಮ ಡಬ್ಬಿಗೆ ಹೋಗಬೇಕು, ಆಮ್ಯಾಲ ನೀವು ಸಾರಬೇಕು. ಹಂಗ ಹಚ್ಚೇನಿ ನಾ. ಎಲ್ಲಾ ಓಣಿಗೂ ಹಂಗ ಹಚ್ಚಿಕೊಟ್ಟೇನಿ. ನಿಮ್ಮದಕ್ಕ ನಾವು ಹಿರೇ ಡಬ್ಬಿ ಅಂತೇವಿ.”

ಕೇಬಲ್ ಸರಿಯಾದ ಮೇಲೆ ಸಿತಾರಾ ತೆಗೆದು ನೋಡಿದಳು. ಖರೆಯೇ. ಉಣಕಲ್ಲಿನ ಮೇಲಿನ ಓಣಿಯ ಸುದ್ದಿ ಹಳೇ ಹುಬ್ಬಳ್ಳಿಗೆ ಬಂದು, ಅವಳಿಗೊಂದು ಸಲಾಮು ಹೊಡೆದು, ಮತ್ತೆ ಉಣಕಲ್ಲಿನ ಕೆಳಗಿನ ಓಣಿಗೆ ಹೋಗುತ್ತಿತ್ತು. ನಡುವೆ ಯಾರೂ ಕೂರಬಾರದೆಂದು ಕಟ್ಟಿದ ಜಾಲದ ನಟ್ಟನಡುವೆ ಊರ ಜನ ಅವಳನ್ನೇ ಎತ್ತಿ ಕೂರಿಸಿದ್ದರು, ಅದೂ ಪ್ರೀತಿಯಿಂದ. ಸುಳ್ಳೇಕೆ, ಒಂದು ಗಳಿಗೆ ಅವಳಿಗೆ ಹಿತವೇ ಆಯಿತು. ಮರುಗಳಿಗೆ, ನಡುವೆ ಕೂತಿದ್ದ ಆ ಜಾಲತಾಣದ ನೆನಪಾಯಿತು. ಜೋಡಣೆ ಬದಲಿಸಿರೆಂದು ಎಲ್ಲರಿಗೂ ಹೇಳಿದಳು. ‘ಆಗಲಿ ಟೀಚರ್’ ಎಂದರು ಎಲ್ಲರೂ. ಒಬ್ಬರೂ ಬದಲಿಸಲಿಲ್ಲ.

ಆ ವಾರದಲ್ಲೇ ಸಂಕೇತ ಬಂದ. ಸಿತಾರಾಳ ಹಳೆಯ ವಿದ್ಯಾರ್ಥಿ, ಧಾರವಾಡದ ಹುಡುಗ. ಈಗ ನೀರಿನ ಸುದ್ದಿ ಮಾರುವ ‘ಹನಿಹನಿ’ ಎಂಬ ಹೊಸ ಆ್ಯಪಿನ ಕಂಪನಿಯಲ್ಲಿ ಮ್ಯಾನೇಜರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮಾತು.

“ಮೇಡಂ, ನಿಮ್ಮ ಡಬ್ಬಿ ನಮ್ಮ ಆಫೀಸಿನ್ಯಾಗ ಇಡೋಣ್ರಿ. ಕರೆಂಟ್ ಹೋಗೂದಿಲ್ಲ, ಕೇಬಲ್ ಹರಿಯೂದಿಲ್ಲ. ನಿಮ್ಮ ಹೆಸರು ಸಂಸ್ಥಾಪಕಿ ಅಂತ ಮ್ಯಾಲೇ ಇರ್ತದ. ಟೌನ್ ಹಾಲಿನ್ಯಾಗ ಶಾಲು ಹೊದಿಸಿ ಸನ್ಮಾನಾನೂ ಮಾಡ್ತೇವಿ.”

“ಎಲ್ಲಾರಿಗೂ ಈಗಿನಂಗ ಸುದ್ದಿ ಹೋಗ್ತೈತೇನೋ?”

“ಹೋಗ್ತದರಿ. ಚಂದಾ ಕಟ್ಟಿದವರಿಗೆ ಮೊದಲ ಹೋಗ್ತದ, ಉಳಿದವರಿಗೆ ಒಂಚೂರು ತಡಾ ಆಗ್ತದ.”

“ತಡಾ ಆದ್ರ ನೀರು ಹೋಗಿರ್ತೈತಲ್ಲೋ ಮಾರಾಯಾ!”

“ಅಂಥವರಿಗೆ ಟ್ಯಾಂಕರಿನವರ ನಂಬರ್ ಕೊಡ್ತೇವಲ್ರಿ,” ಎಂದ ಸಂಕೇತ. ನಗಲಿಲ್ಲ. ಅವನು ತಮಾಷೆ ಮಾಡುತ್ತಿರಲಿಲ್ಲ.

ಸಿತಾರಾ ಎದ್ದು ಬಾಗಿಲ ಕಡೆ ಕೈ ತೋರಿಸಿದಳು. ಅವನು ಕೂತಲ್ಲಿಂದ ಅಲುಗಲಿಲ್ಲ. ದನಿ ಮಾತ್ರ ತಗ್ಗಿಸಿದ.

“ನೀವು ಕೊಡದಿದ್ರೂ ನಡೀತದರಿ ಮೇಡಂ. ಆ ಒಂದು ಡಬ್ಬಿಯಿಂದ ಸುಳ್ಳು ಸುದ್ದಿ ಹಬ್ಬತದ ಅಂತ ಒಂದು ದೂರು ಬಿದ್ರ ಸಾಕು, ಪೊಲೀಸರು ಅದನ್ನ ಹೊತ್ತೊಯ್ತಾರ, ಊರೆಲ್ಲಾ ಬಾಯಿ ಮುಚ್ಚತದ. ಎಲ್ಲಾ ದಾರಿ ಒಂದ ಕಡೆ ಕೂಡಿದ್ರ ಅಲ್ಲೊಂದು ಕಲ್ಲು ಇಟ್ರ ಆತು ಅಂತ ನೀವ ಕಲಿಸಿದ್ರಿ. ಸೋಮವಾರ ಬರ್ತೇನ್ರಿ.”

ತಾನು ಕಲಿಸಿದ ಪಾಠ ತನಗೇ ತಿರುಗಿ ಬಂದದ್ದಕ್ಕೆ ಅವಳ ಮೈಯೆಲ್ಲ ಉರಿಯಿತು. ಹುಡುಗ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂಬುದಕ್ಕೆ ಇನ್ನಷ್ಟು ಉರಿಯಿತು. ಒಳಗೆ ಹೋದವಳೇ ಡಬ್ಬಿಯ ವೈರನ್ನು ಗೋಡೆಯಿಂದ ಕಿತ್ತಳು.

“ಏ, ಏನ್ ಮಾಡಾಕತ್ತೀ?” ಇಸ್ತಿಯಾಕ ಓಡಿ ಬಂದ. “ಇಂಥಾ ಬಿಸಲಾಗ ಸುದ್ದಿ ಬಂದ್ ಆದ್ರ ಮಂದಿ ಸೀದಾ ಅವನ ಕಡೆನ ಹೋಗ್ತಾರ!”

“ಹೋದ್ರ ಹೋಗ್ಲಿ. ಇಡೀ ಊರಿಗೆ ಒಂದ ಕೀಲಿ, ಅದೂ ನನ್ನ ಕೈಯಾಗ ಅಂದ್ರ, ಇವತ್ತಿಲ್ಲಾ ನಾಳೆ ಯಾವನರೆ ಕಸಗೊಂತಾನ. ಆ ಕೀಲಿನ ಇರಬಾರ್ದು.”

‘ನನ್ನ ಡಬ್ಬಿ ಬಂದ್ ಮಾಡಿದ್ದೇನೆ. ಇನ್ನು ಹಚ್ಚುವುದಿಲ್ಲ. ನಿಮ್ಮ ನಿಮ್ಮ ಬಾಜೂ ಓಣಿಗೆ ಕಟ್ಟಿಕೊಳ್ಳಿ’ ಎಂದು ಎಲ್ಲರಿಗೂ ಎಸ್ಸೆಮ್ಮೆಸ್ ಕಳಿಸಿದಳು. ಫೋನಿನ ಮೇಲೆ ಫೋನು. ಕೆಲವರು ಬೇಡಿಕೊಂಡರು, ಕೆಲವರು ಬೈದರು. ಇನ್ನು ಕೆಲವರು ಮಾತೇ ಆಡದೆ ‘ಹನಿಹನಿ’ ಇಳಿಸಿಕೊಂಡರು. ಹಾಗೆಂದು ಕೇಳಿದಾಗ ಅವಳಿಗೆ ಊಟ ಸೇರಲಿಲ್ಲ. ತಾನೇ ಕಟ್ಟಿದ್ದನ್ನು ತಾನೇ ಕೆಡವಿ, ಇಟ್ಟಿಗೆಗಳನ್ನು ಆ ಹುಡುಗನ ಅಂಗಳಕ್ಕೆ ಹೊತ್ತು ಹಾಕಿದೆನೇನೋ ಅನ್ನಿಸಿತು.

ಮರುದಿನ ರತ್ನವ್ವನವರೇ ಆಟೊ ಮಾಡಿಕೊಂಡು ಬಂದರು. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಸೊಕ್ಕು ಬಂದೈತಿ ನಿಮಗ ಟೀಚರ್. ನಾವು ಮರ್ಯಾದಿ ಕೊಟ್ರ ತಿರಗಿ ಮಾರಿಗೆ ಒಗದ್ರಿ.”

“ಹೌದ್ರಿ, ಒಗದೆ. ನೀವು ಕೊಟ್ಟ ಮರ್ಯಾದಿನ ಹಿಡಕೊಂಡು ಆ ಹನಿಹನಿಯಾಂವ ಎಲ್ಲಾರನ್ನೂ ಕಟ್ಟಿ ಹಾಕಾಂವಿದ್ದ.”

“ನಮ್ಮ ಮಂದಿ ನೀರಿಲ್ದ ಸಾಯಬೇಕೇನು?”

“ನಿಮ್ಮ ಡಬ್ಬಿ ಬಾಜೂ ಡಬ್ಬಿ ಜೋಡಿ ಮಾತಾಡಿದ್ರ ಯಾರೂ ಸಾಯೂದಿಲ್ಲ. ಅದಕ್ಕ ನನ್ನ ಅಪ್ಪಣಿ ಯಾಕ ಬೇಕ್ರಿ? ನಾ ಯಾರು?”

“ಹಿರ್ಯಾಕಿ ಅಂತ ತಿಳದಿದ್ವಿ,” ಎಂದರು ರತ್ನವ್ವ. “ತಪ್ಪಾತು.” ಇಸ್ತಿಯಾಕ ಚಹಾದ ಕಪ್ಪು ಹಿಡಿದುಕೊಂಡು ಬರುವಷ್ಟರಲ್ಲಿ ಆಟೊ ತಿರುವು ದಾಟಿತ್ತು. ಸಿತಾರಾ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ಆದರೆ ವೈರನ್ನು ಮತ್ತೆ ಚುಚ್ಚಲಿಲ್ಲ.

ಆಮೇಲೆ ಎಲ್ಲ ಸುಮ್ಮಗಾಯಿತು. ಅವಳ ಮೊಬೈಲು ಅವಳ ಡಬ್ಬಿಗೇ ಕಟ್ಟಿದ್ದಾದ್ದರಿಂದ ಊರಲ್ಲಿ ಏನು ನಡೆದಿದೆಯೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಯಾರನ್ನಾದರೂ ಕೇಳಲು ಬಾಯಿ ಬರಲಿಲ್ಲ. ಮನೆಯ ಹಂಡೆ ತಳ ಕಂಡಿತು. ಇಸ್ತಿಯಾಕ ಒಂದೇ ತಂಬಿಗೆಯಲ್ಲಿ ಮುಖ ತೊಳೆದು ಅಂಗಡಿಗೆ ಹೋದ.

ಸೋಮವಾರ ಸಂಕೇತ ಹೇಳಿದಂತೆ ಬಂದ. ಕೈಯಲ್ಲಿ ನಿಜವಾಗಿಯೂ ಒಂದು ಶಾಲು ಇತ್ತು. ಸಿತಾರಾ, ಒಳಗಿನ ಜೋಡಣೆಯನ್ನೆಲ್ಲ ಮೊದಲೇ ಅಳಿಸಿಟ್ಟಿದ್ದ ಡಬ್ಬಿಯನ್ನು ತಂದು ಅವನ ಕೈಯಲ್ಲಿ ಇಟ್ಟಳು. ಅವಳಿಗಿದ್ದದ್ದು ಹಟವೊಂದೇ, ಊರವರು ತಾವೇ ಒಬ್ಬರಿಗೊಬ್ಬರು ಕಟ್ಟಿಕೊಂಡಾರೆಂಬ ಭರವಸೆಯಲ್ಲ.

“ತಗೋ. ಒಯ್ಯಿ. ಆಫೀಸಿನ್ಯಾಗ ಇಡು, ಮಾಡಿನ ಮ್ಯಾಲೆ ಇಡು, ಎಲ್ಲೆರೆ ಇಡು.”

“ಇಷ್ಟು ಲಗೂ ಒಪ್ತೀರಿ ಅಂತ ತಿಳದಿದ್ದಿಲ್ಲರಿ ಮೇಡಂ.” ಸಂಕೇತ ಶಾಲು ಬಿಚ್ಚತೊಡಗಿದ.

ಅಷ್ಟರಲ್ಲಿ ಎದುರು ಮನೆಯ ಮುರಿಗೆವ್ವ ಎರಡು ಕೊಡಗಳನ್ನು ಟಣಟಣ ಬಡಿಯುತ್ತ ಓಡಿ ಬಂದಳು. “ಟೀಚರ್, ಕೊಡಾ ಹೊರಗ ಇಡ್ರಿ! ಹಿಂದಿನ ಓಣಿಗೆ ನೀರು ಬಂತಂತ!”

ಸಿತಾರಾ ಹೊಸ್ತಿಲು ದಾಟಿ ಹೊರಗೆ ಬಂದಳು. “ಯಾರು ಹೇಳಿದ್ರು? ಆ್ಯಪಿನ್ಯಾಗ ಬಂತೇನು?”

“ಯಾವ ಆ್ಯಪ್ರಿ? ಡಬ್ಬಿಯಾಗ ಬಂತು. ನಿಮ್ಮದು ಬಂದ್ ಆಗಿತ್ತಲ್ಲ, ನನ್ನ ಮೊಬೈಲ್ ಹಿಂದಿನ ಓಣಿ ಡಬ್ಬಿಗೆ ಕಟ್ಟಿಸಿಕೊಂಡೇನಿ. ಅದು ಈಗ ಅತ್ತಾಗ ಇತ್ತಾಗ ನಾಕ ಕಡೆ ಮಾತಾಡ್ತೈತಿ. ಉಣಕಲ್ಲಿನದೂ ಬಂತು, ಧಾರವಾಡದ್ದೂ ಬಂತು. ನಿಮಗ ಗೊತ್ತ ಇಲ್ಲೇನು?” ಉತ್ತರಕ್ಕೆ ಕಾಯದೆ ಮುರಿಗೆವ್ವ ಓಡಿದಳು.

ಸಿತಾರಾಳ ಕೈಯಲ್ಲಿ ಫೋನು ರಿಂಗಾಯಿತು. ರತ್ನವ್ವ.

“ಟೀಚರ್, ಸಿಟ್ಟಿನ್ಯಾಗ ಹೇಳಾಕತ್ತೇನಿ, ಕೇಳಿಸ್ಕೋರ್ರಿ. ಓಣಿ ಓಣಿ ತಿರುಗಿ ಎಲ್ಲಾ ಡಬ್ಬಿ ಬಿಚ್ಚಿ ಒಂದಕ್ಕೊಂದು ಹಚ್ಚೇನಿ. ಅವನ ಆ್ಯಪ್ ಇಳಿಸಿದವರ ಮನಿಗೆ ಹೋಗಿ ತೆಗಿಸೇನಿ. ನೀವಿಲ್ದ ನಮಗ ಏನೂ ನಿಂತಿಲ್ಲ, ತಿಳೀತಿಲ್ಲೋ?” ಫೋನು ಕಟ್ಟಾಯಿತು.

ಇಷ್ಟು ಒಳ್ಳೆಯ ಬೈಗುಳವನ್ನು ಸಿತಾರಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನೋವಾಯಿತು, ಚೆನ್ನಾಗಿಯೇ ನೋವಾಯಿತು. ಅದರ ಜೊತೆಗೇ ನಗು ಉಕ್ಕಿ ಬಂದು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಸಂಕೇತ ಒಂದು ಕೈಯಲ್ಲಿ ಬಿಚ್ಚಿದ ಶಾಲು, ಇನ್ನೊಂದರಲ್ಲಿ ವೈರು ಜೋತ ಡಬ್ಬಿ ಹಿಡಿದು ನಿಂತೇ ಇದ್ದ. “ಮೇಡಂ, ಹಂಗಾದ್ರ ಈಗ ಹಿರೇ ಡಬ್ಬಿ ಯಾರ ಮನ್ಯಾಗ ಅದರಿ?”

“ಯಾರ ಮನ್ಯಾಗೂ ಇಲ್ಲೋ. ಒಂದೊಂದ ಮನಿ ಬಾಗಲಾ ಬಡದು ಕೇಳಬೇಕು ನೀ. ಉಣಕಲ್ಲಿನಿಂದನ ಶುರು ಮಾಡು, ರತ್ನವ್ವಾರ ಗಿರಣಿಯಿಂದ. ಆದ್ರ ನಾ ಕಳಿಸಿದೆ ಅಂತ ಮಾತ್ರ ಹೇಳಬ್ಯಾಡ.” ಸಿತಾರಾ ಕಣ್ಣೊರೆಸಿಕೊಂಡು ಖಾಲಿ ಕೊಡಗಳನ್ನು ಎತ್ತಿಕೊಂಡಳು. “ಅಲ್ಲೆ ಈಗ ನನ್ನ ಹೆಸರಿಗೆ ಕವಡಿ ಕಿಮ್ಮತ್ತಿಲ್ಲ.”

ಹೀಗೆ ಹೆಮ್ಮೆಯಿಂದ ಹೇಳಿ, ಅವನನ್ನು ಅಲ್ಲೇ ಬಿಟ್ಟು, ಓಣಿಯ ನಳದ ಮುಂದಿನ ಪಾಳಿಯ ಕೊನೆಗೆ ಹೋಗಿ ನಿಂತಳು.