ಕೈಗುಣ

"ಹಂಗಾರ ನನ್ನ ಸಕ್ಕರಿ ಹೆಂಗ ಇಳೀತ್ರಿ ಸಾಹೇಬ್ರ?"

ಎರಡನೆಯ ಸಾಲಿನಿಂದ ಮುದುಕನೊಬ್ಬ ಎದ್ದು ನಿಂತು ಹೀಗೆ ಕೇಳಿದಾಗ ಶಶಿಧರನಿಗೆ ಹಾಯೆನಿಸಿತು. ಈ ಪ್ರಶ್ನೆಗೆ ಅವನಲ್ಲಿ ಉತ್ತರವಿತ್ತು.

ಉತ್ತರವಿಲ್ಲದ ಪ್ರಶ್ನೆ ಕೇಳುವವಳು ಬೆಳಗಾವಿಯ ಅನಗೋಳದ ಮನೆಯಲ್ಲಿದ್ದಳು. "ಈ ರವಿವಾರಾನೂ ಹೊಂಟ್ರಿ? ಇಷ್ಟ ದಿನದಾಗ ಯಾರರ ಒಬ್ರು ನಿಮ್ಮ ಮಾತ ಕೇಳಿ ಪುಡಿ ಬಿಟ್ಟಾರೇನು?" ಎಂದು ಹೆಂಡತಿ ಸಪ್ನಾ ಬೆಳಿಗ್ಗೆ ಕೇಳಿದ್ದಳು. ಅವನು ಕಾರಿನ ಕೀಲಿ ಹುಡುಕುವವನಂತೆ ನಟಿಸಿದ್ದ. ಕೀಲಿ ಕೈಯಲ್ಲೇ ಇತ್ತು.

ಬೆಳಗಾವಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಶಶಿಧರ ಎಷ್ಟೋ ವರ್ಷಗಳಿಂದ ರಜೆಯ ದಿನ ಖಾನಾಪುರದ ಹಳ್ಳಿಗಳಲ್ಲಿ ಭಾಷಣ ಮಾಡುತ್ತಿದ್ದ. ಕೂಸುಗಳ ಹೊಟ್ಟೆಗೆ ಬರೆ ಹಾಕಬೇಡಿ, ಕಾಮಾಲೆಗೆ ಮೂಗಿನಲ್ಲಿ ಸೊಪ್ಪಿನ ರಸ ಬಿಡಬೇಡಿ, ಏನಿದೆಯೆಂದು ಗೊತ್ತಿಲ್ಲದ ಪುಡಿ ನುಂಗಬೇಡಿ. ಜನ ಕೇಳುತ್ತಿದ್ದರು. ಚಪ್ಪಾಳೆ ತಟ್ಟಿ, ಚಹಾ ಕುಡಿದು ಹೋಗಿ, ಮರುದಿನ ಕೂಸಿಗೆ ಬರೆ ಹಾಕಿಸುತ್ತಿದ್ದರು.

ಇಂದು ಪಾರಿಶ್ವಾಡದ ಸಮುದಾಯ ಭವನ. ಕರೆಸಿದವಳು ಊರಿನ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಶಗುಫ್ತಾ. ವಿಷಯ, ಹಲಸಿ ಊರಿನಾಚೆ ಎಲ್ಲೋ ಕೂತು ನಾಗಲಿಂಗಜ್ಜ ಎಂಬವನು ಕೊಡುವ ಸಕ್ಕರೆ ಕಾಯಿಲೆಯ ಪುಡಿ.

ಎದ್ದು ನಿಂತ ಮುದುಕ ಗುರುಪಾದಪ್ಪ, ಕಬ್ಬು ಬೆಳೆಯುವವನು. ಊರಲ್ಲಿ ಅವನ ಮಾತಿಗೆ ತೂಕವಿತ್ತು.

"ಡಾಕ್ಟರ ಗುಳಿಗಿ ಏನ ಕಮ್ಮಿ ನುಂಗೀನೇನ್ರಿ? ಇಳೀಲಿಲ್ಲ. ಅಜ್ಜನ ಪುಡಿ ಹಿಡದ ಮ್ಯಾಲ ಇಳದೈತಿ. ಮುಂಜಾನೆ ಪುಡಿ ತಗೊಂಡ್ರ ಮಧ್ಯಾಹ್ನದ ತನಕಾ ಬಾಯಾಗ ಏನೂ ಹಾಕಂಗಿಲ್ಲ. ಇವತ್ತೂ ಹಾಕಿಲ್ಲ. ನಿಮಗಿಂತಾ ಗಟ್ಟಿ ಅದೀನಿ."

ಸಭೆ ನಕ್ಕಿತು. ಶಶಿಧರನೂ ನಕ್ಕ.

"ಕುಂದರ್ರಿ ಯಜಮಾನ್ರ, ಹೇಳ್ತೀನಿ. ಇಂಥಾ ಪುಡಿಯೊಳಗ ಕೆಲವರು ಇಂಗ್ಲಿಷ್ ಗುಳಿಗೀನ ಅರದು ಕೂಡಸ್ತಾರ. ಎಷ್ಟ ಕೂಡಿಸೇವಿ ಅನ್ನೂದು ಅವರಿಗೂ ಗೊತ್ತಿರೂದಿಲ್ಲ. ಅದನ್ನ ಖಾಲಿ ಹೊಟ್ಟಿಲೆ ತಗೊಂಡ್ರ ಸಕ್ಕರಿ ಇಳಕೋತ ಇಳಕೋತ ತಳಾ ಮುಟ್ಟತೈತಿ."

ಅವನು ಜನರ ತಲೆಗಳ ಮೇಲಿನಿಂದ, ಎದುರುಗೋಡೆಯ ಕಿಟಕಿಗೆ ಮಾತಾಡುತ್ತಿದ್ದ. ಮುಖಗಳನ್ನು ನೋಡಬಾರದೆಂದು ಅನುಭವ ಕಲಿಸಿತ್ತು. ಮುಖಗಳಲ್ಲಿ ಅಪನಂಬಿಕೆಯೂ ಇರುತ್ತಿರಲಿಲ್ಲ, ಬರೀ ಸೌಜನ್ಯವಿರುತ್ತಿತ್ತು.

"ಮೊದಲ ಬೆವರು ಬರತೈತಿ. ಆಮ್ಯಾಲ ಕೈ ನಡಗತಾವ. ಮಾತು ತೊದಲತೈತಿ. ಮನಶ್ಯಾ ಎಲ್ಲೋ ನೋಡಕೋತ ಕುಂದರತಾನ..."

"ಸರ್," ಎಂದಳು ಶಗುಫ್ತಾ.

"ಮನಿಯವರು ನಿದ್ದಿ ಬಂದೈತಿ ಅಂತ ತಿಳಕೋತಾರ..."

"ಸರ್. ಅವರನ್ನ ನೋಡ್ರಿ."

ನೋಡಿದ. ಗುರುಪಾದಪ್ಪನ ಅಂಗಿ ಬೆವರಿಗೆ ಮೈಗಂಟಿತ್ತು. ಮೊಣಕಾಲ ಮೇಲಿಟ್ಟ ಕೈ ನಡುಗುತ್ತಿತ್ತು. ಕಣ್ಣು ಎಲ್ಲಿಯೂ ನಿಂತಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಶಿವಲಿಂಗವ್ವ ಸೆರಗಿನಿಂದ ಅವನ ಮುಖ ಒರೆಸುತ್ತ, "ಹಿಂಗ್ಯಾಕ ಮಾಡಾಕತ್ತೀರಿ? ಮಾತಾಡ್ರಿ," ಎನ್ನುತ್ತಿದ್ದಳು. ಶಶಿಧರ ಹೇಳಿದ್ದೆಲ್ಲ, ಹೇಳಿದ ಕ್ರಮದಲ್ಲೇ, ಆಜ್ಞೆ ಪಾಲಿಸಿದಂತೆ ನಡೆದಿತ್ತು.

ಅವನ ಮನಸ್ಸಿಗೆ ಮೊದಲು ಬಂದ ಶಬ್ದ 'ಪುರಾವೆ'. ಆಮೇಲೆ ಓಡಿದ.

ಹಿಂದಿನ ಅಡಿಗೆಮನೆಯಲ್ಲಿ ಸಭೆಗೆಂದು ಚಹಾ ಕುದಿಯುತ್ತಿತ್ತು. ಡಬ್ಬಿಗೆ ಕೈಹಾಕಿ ಸಕ್ಕರೆ ತೆಗೆದು ನೀರಿಗೆ ಸುರಿದು ಕದಡಿ ತಂದ. ಮುದುಕನ ಕುತ್ತಿಗೆಯ ಹಿಂದೆ ಕೈ ಕೊಟ್ಟು ನೆಟ್ಟಗೆ ಕೂರಿಸಿದ. ನುಂಗುವಷ್ಟು ಎಚ್ಚರ ಇನ್ನೂ ಇತ್ತು.

"ಗುಟುಕರಸ್ರಿ. ಹಗೂರಕ. ಇನ್ನೊಂದು."

ಲೋಟ ಖಾಲಿಯಾಯಿತು. ಮತ್ತೊಂದು ಲೋಟ ತರಿಸಿದ. ಅವನ ಜೀವನದಲ್ಲಿ ಕಾಯುವುದು ಇಷ್ಟು ಉದ್ದವಾಗಿದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಗುರುಪಾದಪ್ಪನ ಕಣ್ಣು ಎಲ್ಲಿಂದಲೋ ತಿರುಗಿ ಬಂದು ಅವನ ಮುಖದ ಮೇಲೆ ನಿಂತವು.

"ಬಾಯಿ ಯಾಕ ಸಿಹಿ ಆಗೈತಿ?"

ಶಶಿಧರ ನೆಲದ ಮೇಲೇ ಕೂತುಬಿಟ್ಟ. ಯಾರೋ ಅಳುತ್ತ ನಗುತ್ತಿದ್ದರು. ಅದು ತಾನೇ ಇರಬಹುದೆಂದು ಅನುಮಾನವಾಯಿತು.

ಆದರೆ ಕೆಲಸ ಮುಗಿದಿರಲಿಲ್ಲ. ಪುಡಿ ಇನ್ನೂ ಹೊಟ್ಟೆಯಲ್ಲಿತ್ತು. "ಸಕ್ಕರಿ ಮತ್ತ ಇಳೀತೈತಿ. ಈಗಿಂದೀಗ ಖಾನಾಪುರದ ದವಾಖಾನಿಗೆ ಹೋಗಬೇಕು," ಎಂದ. ಶಗುಫ್ತಾ ಆಗಲೇ ತನ್ನ ತಮ್ಮ ಉಜೈರನ ಜೀಪು ಬಾಗಿಲಿಗೆ ತರಿಸಿದ್ದಳು.

"ಬ್ಯಾಡ್ರಿ, ಆರಾಮ ಆಗೇನಿ," ಎಂದ ಗುರುಪಾದಪ್ಪ.

ಶಶಿಧರ ವಿವರಿಸಿದ. ಮೇದೋಜೀರಕ ಎಂದ, ರಕ್ತ ಎಂದ, ಮಿದುಳು ಎಂದ. ಮುದುಕ ಸೌಜನ್ಯದಿಂದ ಕೇಳಿಸಿಕೊಂಡ. ಏಳಲಿಲ್ಲ.

ಶಿವಲಿಂಗವ್ವ ಮುಂದೆ ಬಂದಳು. "ಸಾಹೇಬ್ರ, ನಿಮ್ಮ ಕೈಗುಣ ದೊಡ್ಡದ ಐತಿ. ಅವರ ತಲಿ ಮ್ಯಾಲ ಕೈ ಇಟ್ಟು ಹೋಗು ಅನ್ರಿ. ಹೋಗತಾರ."

"ಕೈಗುಣ ಅಲ್ಲಬೇ ಯವ್ವಾ. ಅದು ಸಕ್ಕರಿ."

"ಸಕ್ಕರಿ ನಮ್ಮ ಮನ್ಯಾಗೂ ಐತ್ರಿ."

ಶಶಿಧರ ಶಗುಫ್ತಾಳ ಕಡೆ ನೋಡಿದ. ಅವಳು ಜೀಪಿನ ಕಡೆ ನೋಡುತ್ತಿದ್ದಳು. ಮುದುಕನ ಹಣೆಯಲ್ಲಿ ಮತ್ತೆ ಬೆವರು ಹನಿಯುವ ಹಾಗಿತ್ತು.

ಕೈ ಇಟ್ಟ. ನೆತ್ತಿ ಒದ್ದೆಯಾಗಿತ್ತು, ಬೆಚ್ಚಗಿತ್ತು.

"ಹೋಗ್ರಿ," ಎಂದ.

ಗುರುಪಾದಪ್ಪ ಎದ್ದ. ಮಗುವಿನ ಹಾಗೆ ನಡೆದು ಹೋಗಿ ಜೀಪಿನಲ್ಲಿ ಕೂತ.

ಭವನದಲ್ಲೇ ಕಾಯುತ್ತಿದ್ದವರಿಗೆ ಗಂಟೆಯ ಮೇಲೆ ಉಜೈರನ ಫೋನು ಬಂದಾಗ ಶಗುಫ್ತಾ ಕಿವಿಗೊತ್ತಿಕೊಂಡು ಕೇಳಿ, ನಿಧಾನವಾಗಿ ಹೇಳಿದಳು: "ದಾರ್ಯಾಗ ಮತ್ತ ಬೆವತಿದ್ರಂತ. ಈಗ ಸಲೈನ್ ಹಚ್ಚ್ಯಾರ. ಮಾತಾಡಾಕತ್ತಾರ. ಮನ್ಯಾಗ ಇಟಗೊಂಡಿದ್ರ ಉಳೀತಿದ್ದಿಲ್ಲ ಅಂದ್ರಂತ ಡಾಕ್ಟರು. ಯಜಮಾನ್ರು ಪುಡಿ ಇನ್ನ ಮುಟ್ಟೂದಿಲ್ಲ ಅಂತ ಆಣಿ ಮಾಡ್ಯಾರಂತ."

ಶಶಿಧರ ಕಣ್ಣು ಮುಚ್ಚಿದ. ಒಬ್ಬ ಉಳಿದಿದ್ದ. ಒಬ್ಬ ಪುಡಿ ಬಿಟ್ಟಿದ್ದ. ಈಗಲೇ ಸಪ್ನಾಗೆ ಹೇಳಬೇಕೆಂದು ಫೋನು ತೆಗೆದ. ಅವಳು ಮುಂದೆ ಕೇಳುವ ಪ್ರಶ್ನೆ ನೆನಪಾಯಿತು: ಹೆಂಗ ಬಿಟ್ರು?

ಫೋನನ್ನು ಜೇಬಿಗಿಟ್ಟ.

ಭವನ ಖಾಲಿಯಾಗಬೇಕಿತ್ತು, ಆಗಿರಲಿಲ್ಲ. ಎಳೆಯ ವಯಸ್ಸಿನ ಹೆಂಗಸೊಬ್ಬಳು ಅಳುವ ಕೂಸನ್ನೆತ್ತಿಕೊಂಡು ಎದುರಿಗೆ ಬಂದು ನಿಂತಳು.

"ರಾತ್ರೆಲ್ಲಾ ಅಳತೈತ್ರಿ. ನಾಳಿಗೆ ಬರಿ ಹಾಕಸೂದಿತ್ತು. ನೀವೊಂದ ಕೈ ಇಡ್ರಿ. ಬರಿ ಹಾಕಸೂದಿಲ್ಲ."

"ದವಾಖಾನಿಗೆ ತೋರಸ್ರಿ," ಎಂದ.

"ತೋರಸತೀನ್ರಿ. ನೀವು ಕೈ ಇಟ್ರ ತೋರಸತೀನಿ."

"ಸರ್, ಹೊಂಡೂಣೇನ್ರಿ?" ಎಂದಳು ಶಗುಫ್ತಾ. ದನಿಯಲ್ಲಿ ಏನೂ ಇರಲಿಲ್ಲ.

"ಹೂಂ," ಎಂದ ಶಶಿಧರ. ಕದಲಲಿಲ್ಲ.

ಕೂಸಿನ ನೆತ್ತಿ ಇನ್ನೂ ಕೂಡಿರಲಿಲ್ಲ. ಅಂಗೈಯ ಕೆಳಗೆ ಅದು ಮೆಲ್ಲಗೆ ಮಿಡಿಯುತ್ತಿತ್ತು. ಕೈ ಯಾವಾಗ ಅಲ್ಲಿಗೆ ಹೋಯಿತೋ ಅವನಿಗೆ ತಿಳಿಯಲಿಲ್ಲ. ಅಳುತ್ತಿದ್ದ ಕೂಸು ಸುಮ್ಮನಾಯಿತು. ಅವನಿಗೆ ಮತ್ತೆ ಹಾಯೆನಿಸಿತು, ಹೆದರಿಕೆಯಾಗುವಷ್ಟು.

ತಲೆಯೆತ್ತಿ ನೋಡಿದ. ಭಾಷಣ ಕೇಳಲು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದು ಕೂತಿದ್ದ ಜನ ಈಗ ಹೊರಗೆ ಹೋಗಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಒಬ್ಬೊಬ್ಬರಾಗಿ ಬಾಗಿಲು ದಾಟಿ ಬರುತ್ತಿದ್ದರು.