ಬಾಡಿಗೆ ಮನೆಯ ಕಪ್ಪು ಮೂಲೆ

"ಏನನ್ನೂ ಮುಟ್ಟಬೇಡಿ" ಎಂದು ಇನ್ಶೂರೆನ್ಸ್ ಆಫೀಸಿನವರು ಹೇಳಿದ್ದನ್ನು ನಾನು ನಮ್ಮ ಅತ್ತೆಗೆ ಮೂರು ಸಲ ಹೇಳಿದ್ದೆ. ಒಂದು ಸಲ ಊಟದ ಹೊತ್ತಿನಲ್ಲಿ, ಒಂದು ಸಲ ಬಟ್ಟೆ ಮಡಿಸುವಾಗ, ಕೊನೆಗೆ ಎದುರಿಗೆ ಕೂರಿಸಿಕೊಂಡು. ಮೂರು ಸಲವೂ ತಲೆಯಾಡಿಸಿದರು. ಅತ್ತೆ ತಲೆಯಾಡಿಸಿದರೆ ಕೇಳಿಸಿತು ಎಂದಷ್ಟೇ ಅರ್ಥ, ಒಪ್ಪಿದರು ಎಂದಲ್ಲ. ಹನ್ನೆರಡು ವರ್ಷ ಸೊಸೆಯಾಗಿದ್ದೂ ಇಷ್ಟು ತಿಳಿಯದಿದ್ದದ್ದು ನನ್ನದೇ ತಪ್ಪು.

ಮೇಲಿನ ಮನೆಯ ಅಡುಗೆಮನೆಯಲ್ಲಿ ವೈರು ಸುಟ್ಟು ಬೆಂಕಿ ಹತ್ತಿ ಹದಿನೈದು ದಿನವಾಗಿತ್ತು. ಬಾಡಿಗೆಗಿದ್ದ ಮೇಷ್ಟ್ರು ಹೆಂಡತಿ, ಮಗುವನ್ನು ಕರೆದುಕೊಂಡು ನಾದಿನಿಯ ಮನೆಗೆ ಹೋದರು. ರಿಪೇರಿ ಆದ ಮೇಲೆ ಬರುತ್ತೇವೆ, ಅಲ್ಲಿಯವರೆಗೆ ಬಾಡಿಗೆ ಕೊಡಲಾಗುವುದಿಲ್ಲ ಎಂದರು. ಅದು ನ್ಯಾಯವೇ. ಆದರೆ ಆ ಬಾಡಿಗೆ ಅತ್ತೆಯದು. ಅದರಲ್ಲೇ ಅವರು ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದರು. ಬಲಗಣ್ಣು ಎಂದೋ ಹೋಗಿತ್ತು. ಎಡಗಣ್ಣು ನಿಂತಿದ್ದೇ ಆ ಸೂಜಿಯ ಮೇಲೆ. ಈ ತಿಂಗಳು ಆಸ್ಪತ್ರೆಗೆ ಹೋಗಲೇ ಇಲ್ಲ. ದುಡ್ಡು ನಾವು ಕೊಡುತ್ತೇವೆ ಎಂದು ನನ್ನ ಗಂಡ ಗೋಗರೆದರು, ಕಾಲು ಹಿಡಿಯುವುದೊಂದು ಬಾಕಿ.

"ನನ್ನ ಕಣ್ಣು, ನನ್ನ ಬಾಡಿಗೆ. ಬಾಡಿಗೆ ಬಂದಾಗ ನೋಡೋಣ" ಎಂದು ಅತ್ತೆ ಮುಖ ತಿರುಗಿಸಿದರು. ಅವರ ಹಟಕ್ಕೆ ಮದ್ದಿಲ್ಲ.

ಪುಣ್ಯಕ್ಕೆ, ಮನೆಗೆ ಪಾಲಿಸಿ ಮಾಡಿಸುವಾಗ ನಾನು ಸ್ವಲ್ಪ ಹೆಚ್ಚಿಗೆ ಕಟ್ಟಿ ಬಾಡಿಗೆಯನ್ನೂ ಸೇರಿಸಿದ್ದೆ. ಬೆಂಕಿ ಬಿದ್ದು ಮನೆ ವಾಸಕ್ಕೆ ಬಾರದಂತಾದರೆ, ಅದು ಸರಿಹೋಗುವವರೆಗೆ, ಆರು ತಿಂಗಳ ತನಕ, ನಿಂತುಹೋದ ಬಾಡಿಗೆಯನ್ನು ಕಂಪನಿಯೇ ಕೊಡುತ್ತದೆ. ಆಗ ಮನೆಯವರೆಲ್ಲ ನನ್ನನ್ನು "ಮಹಾ ಬುದ್ಧಿವಂತೆ" ಎಂದು ಆಡಿಕೊಂಡಿದ್ದರು. ಈಗ ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡಿ, ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ಬರೆದುಕೊಂಡು ಹೋದರೆ ಸಾಕಿತ್ತು.

ಹೊಲಿಗೆ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಸರ್ವೇಯರ್ ಜೊತೆ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದರೆ ಮೂಗಿಗೆ ಹೊಡೆದದ್ದು ಹೊಗೆಯ ವಾಸನೆಯಲ್ಲ, ಹಸಿ ಬಣ್ಣದ್ದು.

ಅಡುಗೆಮನೆ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಅಂಗಡಿಯಲ್ಲಿದ್ದ ಹೊತ್ತು ನೋಡಿಕೊಂಡು, ಅಟ್ಟದ ಮೇಲಿನ ಹಳೆ ಬಣ್ಣದ ಡಬ್ಬ ಇಳಿಸಿ, ಎಪ್ಪತ್ತೊಂದು ವರ್ಷದ ಹೆಂಗಸು ಎರಡು ದಿನ ಸ್ಟೂಲು ಹತ್ತಿ ಗೋಡೆ ಬಳಿದಿದ್ದರು. ಕಿಟಕಿಗೆ ಒಗೆದ ಪರದೆ ಹಾಕಿದ್ದರು. ಅಡುಗೆಮನೆಗೆ ಕರೆಂಟು ಇಲ್ಲವೆಂದು ಹಾಲ್‌ನಿಂದ ಉದ್ದದ ವೈರು ಎಳೆದು ಟೇಬಲ್ ಲ್ಯಾಂಪು ಕೂಡ ಹಚ್ಚಿಟ್ಟಿದ್ದರು.

"ಅತ್ತೆ, ಏನಿದು?" ಎಂದೆ. ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಮನೆ ನೋಡೋಕೆ ಬರ್ತಾರೆ ಅಂದೆಯಲ್ಲ? ಗಲೀಜು ಮನೇನ ಹಾಗೇ ತೋರಿಸೋಕಾಗತ್ತಾ?"

ಮೂವತ್ತು ವರ್ಷದಿಂದ ಆ ಮೆಟ್ಟಿಲು ಹತ್ತಿದ ಹೊಸಬರೆಲ್ಲ ಬಾಡಿಗೆಗೆ ಮನೆ ಕೇಳಿಕೊಂಡು ಬಂದವರೇ. ಹೊಸ ಮುಖ ಕಂಡರೆ ಅತ್ತೆಯ ಬಾಯಿ ತಾನಾಗಿ ಶುರುವಾಗುತ್ತದೆ. ಈಗಲೂ ಶುರುವಾಯಿತು.

"ನೀರಿಗೆ ಒಂದು ದಿನ ತೊಂದರೆ ಇಲ್ಲ ಸಾರ್. ಗಾಳಿ ಬೆಳಕು ಅಂತೂ ಕೇಳ್ಲೇಬೇಡಿ. ಅಕ್ಕಪಕ್ಕದೋರೂ ಒಳ್ಳೆಯವರು. ನೀವು ಮನೇಲಿ ಎಷ್ಟು ಜನ?"

"ನಾಲ್ಕು ಜನ" ಎಂದುಬಿಟ್ಟರು ಸರ್ವೇಯರ್, ಪಾಪ.

ಸಾಕು ನಿಲ್ಲಿಸಿ ಎಂದು ಅತ್ತೆಗೆ ಕಣ್ಸನ್ನೆ ಮಾಡಿದೆ. ಯಾರಿಗೆ ಕಣ್ಸನ್ನೆ ಮಾಡುತ್ತಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಕೊನೆಗೆ ಮೊಬೈಲು ತೆಗೆದು ಬೆಂಕಿ ಬಿದ್ದ ದಿನದ ಫೋಟೋಗಳನ್ನು ಸರ್ವೇಯರ್ ಮುಂದೆ ಹಿಡಿದೆ.

"ಇದು ಆ ದಿನದ್ದಲ್ವಾ ಅಮ್ಮ" ಎಂದರು ಅವರು. "ಹಾಳಾಗಿದ್ದಕ್ಕೆ ಬರೀತೀನಿ. ಆದರೆ ಬಾಡಿಗೆ ಸಿಗೋದು ಇಲ್ಲಿ ಇರೋಕಾಗದ ದಿನಗಳಿಗೆ ಮಾತ್ರ. ಈಗ ನೋಡಿದ್ರೆ ನಾಳೆನೇ ಸಾಮಾನು ಇಳಿಸಬಹುದು ಅನ್ನೋ ಹಾಗಿದೆ."

"ನಾಳೆ ಯಾಕೆ, ಇವತ್ತೇ ಇಳಿಸಿ!" ಎಂದರು ಅತ್ತೆ.

ಸಿಟ್ಟಿಗೆ ನನಗೆ ಅಳುವೇ ಬಂತು. ತಮ್ಮ ಕಣ್ಣನ್ನು ತಾವೇ ಕಳೆದುಕೊಳ್ಳುತ್ತಿದ್ದಾರೆ, ಅದೂ ನಗುನಗುತ್ತಾ.

ಪೆನ್ನು ಜೇಬಿಗಿಟ್ಟು ಹೊರಟ ಸರ್ವೇಯರ್ ಕಿಟಕಿಯ ಹತ್ತಿರ ನಿಂತರು. ಗಾಳಿಗೆ ಪರದೆ ಸರಿದಿತ್ತು. ಅದರ ಹಿಂದಿನ ಮೂಲೆಯಲ್ಲಿ, ಸುತ್ತ ಬಿಳಿ ಬಣ್ಣ, ನಡುವೆ ತಟ್ಟೆಯಷ್ಟು ಅಗಲದ ಮಸಿ.

"ಇದೊಂದನ್ನ ಯಾಕಮ್ಮ ಹಾಗೇ ಬಿಟ್ರಿ?"

"ಯಾವುದನ್ನ?" ಅತ್ತೆ ಹತ್ತಿರ ಹೋಗಿ ಗೋಡೆ ತಡವಿದರು. ಬೆರಳನ್ನು ಮೂಗಿನ ತುದಿಗೆ ತಂದುಕೊಂಡು ಓರೆಯಾಗಿ ನೋಡಿದರು. ಬೆರಳು ಕಪ್ಪಾಗಿತ್ತು.

"ಇದು ಗೋಡೆ ಮೇಲಿರೋದಾ?" ಎಂದರು. "ನಾನು ನನ್ನ ಕಣ್ಣಿಂದು ಅಂದ್ಕೊಂಡಿದ್ದೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. "ಎಷ್ಟು ದಿನದಿಂದ ಅತ್ತೆ?"

"ಒಂದು ವಾರ ಆಗಿರಬೇಕು. ಎಲ್ಲಿ ನೋಡಿದ್ರೂ ನಡುವೆ ಒಂದು ಕಪ್ಪು. ಎಲ್ಲಾ ಗೋಡೆಗೂ ಬಳಿದೆ, ಅದು ಹಾಗೇ ಇತ್ತು. ಈ ಮೂಲೇದೂ ಕಣ್ಣಿಂದೇ, ಬಳಿದ್ರೆ ಹೋಗೋದಲ್ಲ ಅಂತ ಬಿಟ್ಟೆ."

ಸರ್ವೇಯರ್ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ಆ ಮಸಿಯನ್ನು ಕೆರೆದರು. ಗಾರೆ ಹಿಡಿಹಿಡಿಯಾಗಿ ಉದುರಿತು. ಒಳಗೆ ವೈರುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಗೋಡೆ ಒಡೆದು ವೈರೆಲ್ಲ ಬದಲಾಯಿಸಬೇಕು. ಎರಡು ತಿಂಗಳಾದ್ರೂ ಹಿಡಿಯತ್ತೆ" ಎಂದು ಮತ್ತೆ ಪೆನ್ನು ತೆಗೆದರು. "ಮನೆ ನಿಮ್ಮದು, ನೀವೇ ಹೇಳಿ ಅಮ್ಮ. ಮೇಷ್ಟ್ರ ಮಗೂನ ಇವತ್ತು ಇಲ್ಲಿ ಮಲಗಿಸ್ತೀರಾ?"

ಅತ್ತೆ ಕೈ ಚಾಚಿ, ಗಾರೆ ಉದುರಿದ ಜಾಗವನ್ನು ಮತ್ತೊಮ್ಮೆ ತಡವಿ ನೋಡಿದರು.

"ಇಲ್ಲ ಸಾರ್" ಎಂದರು. "ಇರೋಕಾಗೋ ಮನೆ ಅಲ್ಲ ಇದು."

ಅವರು ಅದನ್ನು ಬರೆದುಕೊಂಡರು. ನಾನು ಅತ್ತೆಯ ಮಸಿ ಬೆರಳು ಹಿಡಿದುಕೊಂಡೆ. "ಬಾಡಿಗೆ ಬರೋ ಹಾಗಾಯ್ತಲ್ಲ? ನಾಳೆ ಬೆಳಿಗ್ಗೆ ಆಸ್ಪತ್ರೆಗೆ. ಈಗ ನಾವು ಕಟ್ಟಿರ್ತೀವಿ, ಬಂದ ಮೇಲೆ ವಾಪಸ್ ಕೊಡಿ. ತಲೆಯಾಡಿಸಬೇಡಿ, ಬಾಯಿ ಬಿಟ್ಟು ಹೇಳಿ."

"ಬರ್ತೀನಿ ಕಣೆ, ಬರ್ತೀನಿ" ಎಂದರು ಅತ್ತೆ. ಆಮೇಲೆ, ಮೆಟ್ಟಿಲು ಇಳಿಯುತ್ತಿದ್ದ ಸರ್ವೇಯರನ್ನು ಕೂಗಿ ನಿಲ್ಲಿಸಿದರು.

"ಗಾಳಿ ಬೆಳಕು ಮಾತ್ರ ಚೆನ್ನಾಗಿದೆ ಸಾರ್. ಅದನ್ನೂ ಬರ್ಕೊಳ್ಳಿ."