ಪೊನ್ನಮ್ಮಾಂಟಿಯ ಫ್ರೆಂಚ್ ಸ್ವರ

ಶಿರಂಗಾಲದ ರಂಜಿತಾ ಸಿದ್ದಾಪುರದ ಹತ್ತಿರ ಎಸ್ಟೇಟೊಂದರ ಹೋಂಸ್ಟೇಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಫ್ರಾನ್ಸಿನಿಂದ ಬರುವವರು ಹೆಚ್ಚಾದಾಗ ಮೊಬೈಲ್ ನೋಡಿಕೊಂಡೇ ಫ್ರೆಂಚ್ ಕಲಿತಳು. ಪದಗಳು ಬಂದವು, ವ್ಯಾಕರಣವೂ ಬಂತು. ಉಚ್ಚಾರ ಮಾತ್ರ ಇಂಗ್ಲಿಷ್ ಮೀಡಿಯಂ ಸ್ಕೂಲಿನದೇ ಉಳಿಯಿತು. ‘ಯು’ ಅಕ್ಷರ ಕಂಡರೆ ಬಾಯಿ ತಾನಾಗಿ ‘ಊ’ ಅನ್ನುತ್ತಿತ್ತು.

ಅದರಿಂದ ಏನಾಗುತ್ತದೆಂದು ತಿಳಿದದ್ದು ಮದಾಂ ಎಲೆನ್ ಬಂದ ಮರುದಿನ ಬೆಳಿಗ್ಗೆ. ಎಪ್ಪತ್ತು ದಾಟಿದ, ಮಂಡಿನೋವಿನ ಹೆಂಗಸು. ತಿಂಡಿ ಎಲ್ಲಿ ಎಂದು ಕೇಳಿದರು. ತಿಂಡಿ ಇದ್ದದ್ದು ಮೇಲಿನ ಜಗಲಿಯಲ್ಲಿ. ಫ್ರೆಂಚಿನ ‘ಮೇಲೆ’ಗೂ ‘ಕೆಳಗೆ’ಗೂ ಕೊನೆಯ ಸ್ವರವೊಂದೇ ವ್ಯತ್ಯಾಸ. ರಂಜಿತಾ ನಗುತ್ತಾ “ದೆಸೂ” ಅಂದಳು. ಅದು ‘ಕೆಳಗೆ’.

ಮದಾಂ ಕೋಲೂರಿಕೊಂಡು ನಲವತ್ತು ಮೆಟ್ಟಿಲು ಇಳಿದು ನೀರು ಹರಿಯುವ ತೋಡಿನ ಬದಿಗೆ ಹೋದರು. ಅಲ್ಲಿ ಯಾರೂ ಇಲ್ಲದ್ದು ಕಂಡು ಏದುಸಿರು ಬಿಡುತ್ತಾ ಹತ್ತಿ ಬಂದರು. ರಂಜಿತಾಳ ಕಣ್ಣು ತುಂಬಿತು. ಮದಾಂ ಬೈಯಲಿಲ್ಲ. ಅವಳನ್ನು ಪಕ್ಕ ಕೂರಿಸಿಕೊಂಡು ‘ಮೇಲೆ’ ಎನ್ನುವ ಪದವನ್ನು ನಿಧಾನವಾಗಿ ಹೇಳಿಕೊಟ್ಟರು. ರಂಜಿತಾ ಹತ್ತು ಸಲ ಹೇಳಿದಳು. ಹತ್ತು ಸಲವೂ ‘ಕೆಳಗೆ’ಯೇ ಬಂತು.

ಅಡುಗೆಯ ಪೊನ್ನಮ್ಮ ಕಡುಬು ತಂದವರು ತಟ್ಟೆ ಹಿಡಿದುಕೊಂಡೇ ಮದಾಂ ಬಾಯಿ ನೋಡುತ್ತಾ ನಿಂತಿದ್ದರು. ಇದ್ದಕ್ಕಿದ್ದಂತೆ ಆ ಪದವನ್ನು ತಾವೇ ಹೇಳಿದರು. ಮದಾಂ ಕೈಯ ಚಮಚ ಕೆಳಗಿಟ್ಟು, “ಇನ್ನೊಮ್ಮೆ” ಎಂದು ಸನ್ನೆ ಮಾಡಿದರು. ಪೊನ್ನಮ್ಮ ಇನ್ನೊಮ್ಮೆ ಹೇಳಿದರು. ಒಂದಿಷ್ಟೂ ತಪ್ಪಿಲ್ಲ.

“ಆಂಟಿ, ಹೆಂಗ್ ಬಂತು ನಿಮ್ಗೆ?”

“ನೀನು ಕಿವಿಗೆ ಬಿದ್ದದ್ದನ್ನ ಹಿಡೀಲಿಕ್ಕೆ ನೋಡ್ತೀಯ. ಅವರ ತುಟಿ ನೋಡು ಮಾರಾಯ್ತಿ. ‘ಈ’ ಅನ್ನು.”

“ಈ...”

“ನಾಲಿಗೆ ಅಲ್ಲೇ ಇರ್ಲಿ, ಅಲ್ಲಾಡಿಸ್ಬೇಡ. ಈಗ ತುಟಿ ಮಾತ್ರ ಒಲೆ ಊದುವ ಹಾಗೆ ಮಾಡು.”

ರಂಜಿತಾ ಹಾಗೇ ಮಾಡಿದಳು. ಅವಳ ಬಾಯಿಂದ ಇದುವರೆಗೆ ಬಾರದ ಒಂದು ದನಿ ಹೊರಟಿತು. ಈಯೂ ಅಲ್ಲ, ಊವೂ ಅಲ್ಲ. ಮದಾಂ ಚಪ್ಪಾಳೆ ತಟ್ಟಿದರು.

“ನಮ್ಮ ಕೊಡವ ತಕ್ಕಲ್ಲಿ, ನಮ್ಮ ಭಾಷೇಲಿ, ಇದರ ಉಲ್ಟಾ ಉಂಟು,” ಅಂದರು ಪೊನ್ನಮ್ಮ. “ಒಳಗೆ ‘ಉ’ ಹೇಳ್ಬೇಕು, ತುಟಿ ದುಂಡಗಾಗ್ಬಾರ್ದು. ನಮ್ಮ ಸೊಸೆ ಬಯಲುಸೀಮೆಯವಳು. ಅವಳಿಗೆ ಕಲಿಸ್ಲಿಕ್ಕೆ ಕನ್ನಡಿ ಹಿಡ್ಕೊಂಡು ಒಂದು ಮಳೆಗಾಲ ಕೂತಿದ್ದೆ.”

ಮದಾಂಗೆ ಕುತೂಹಲ ಹೆಚ್ಚಿತು. ಫ್ರೆಂಚಿನ ‘ಎರಡು’ ಎನ್ನುವ ಪದ ಹೇಳಿ ಪರೀಕ್ಷಿಸಿದರು. ಪೊನ್ನಮ್ಮ ಕಣ್ಣು ಕಿರಿದು ಮಾಡಿ ನೋಡಿದರು. “ಇದು ‘ಏ’. ತುಟಿ ಮಾತ್ರ ‘ಓ’,” ಎಂದು ಬಿಡಿಸಿ, ಸರಿಯಾಗಿಯೇ ಹೇಳಿದರು. ಒಂದು ಪದದ ಅರ್ಥವೂ ಗೊತ್ತಿಲ್ಲದ ಈ ಹೆಂಗಸು ಬರಿಯ ಬಾಯಿ ನೋಡಿ ಒಳಗಿನ ನಾಲಿಗೆಯನ್ನು ಕಂಡುಹಿಡಿಯುವುದನ್ನು ರಂಜಿತಾ ಬೆರಗಿನಿಂದ ನೋಡಿದಳು. ವರ್ಷದಿಂದ ಅವರ ಕೈಯೂಟ ಉಂಡಿದ್ದಳು. ಅವರ ಕಿವಿ, ಕಣ್ಣು ಎಂಥವು ಎಂದು ಯೋಚಿಸಿರಲೇ ಇಲ್ಲ.

ಆಮೇಲಿನ ಮೂರು ದಿನ ಅಡುಗೆಮನೆಯಲ್ಲಿ ಪಾಠ ನಡೆಯಿತು. ರಂಜಿತಾ ಅರ್ಥ ಹೇಳುವಳು, ಪೊನ್ನಮ್ಮ ಅವಳ ತುಟಿ ತಿದ್ದುವರು.

ಹೊರಡುವ ದಿನ ಮದಾಂಗೆ ಕಾಫಿ ಕೊಡಲು ಪೊನ್ನಮ್ಮ ತಾವೇ ಬಂದರು. ಸೆರಗು ಸರಿಮಾಡಿಕೊಂಡು, ತುಟಿ ಮುಂದೆ ತಂದು, “ದ್ಯು ಸ್ಯುಕ್ರ್?” ಎಂದು ಕೇಳಿದರು. ಸಕ್ಕರೆ ಬೇಕೇ ಎಂದು.

ನಾಲ್ಕು ದಿನವೂ ಸಕ್ಕರೆ ಮುಟ್ಟದ ಮದಾಂ ಲೋಟ ಮುಂದೆ ಹಿಡಿದು ಎರಡು ಚಮಚ ಹಾಕಿಸಿಕೊಂಡರು.